ಬೇಡತ್ತೆಗೆ ಬೇಕಾದ ಕಾರು

ಆ ಬೀದಿಯಲ್ಲಿ ಕಾರು ಕೊಳ್ಳಬೇಕೆಂದವರು ಮೊದಲು ತಟ್ಟುತ್ತಿದ್ದದ್ದು ಬೇಡತ್ತೆಯ ಬಾಗಿಲನ್ನು. ಬ್ಯಾಂಕಿನ ಬಾಗಿಲು ಆಮೇಲೆ.

ಹಾಗಂತ ಅವಳು ಯಾರಿಗೂ ಅತ್ತೆಯಲ್ಲ. ಅಪ್ಪ ಅಮ್ಮನಿಗೆ ಒಬ್ಬಳೇ ಮಗಳು. ಅಣ್ಣನೂ ಇಲ್ಲ, ತಮ್ಮನೂ ಇಲ್ಲ, ಮಕ್ಕಳೂ ಇಲ್ಲ. ಅತ್ತೆ ಅನ್ನಿಸಿಕೊಳ್ಳಲು ಬೇಕಾದ ಬಂಡವಾಳವೇ ಅವಳ ಬಳಿ ಇರಲಿಲ್ಲ. ಇದ್ದದ್ದು ಬೀದಿಗೆ ಮುಖ ಮಾಡಿದ ಒಂದು ಕೋಣೆ, ಒಂದು ಹೊಲಿಗೆ ಮೆಷಿನ್ನು, ಮಡಚುವ ಇಸ್ತ್ರಿ ಮೇಜು, ಗೋಡೆಯ ಮೊಳೆಗಳಿಗೆ ಸಿಕ್ಕಿಸಿದ ನಲವತ್ತು ಬಣ್ಣದ ದಾರದ ರೀಲುಗಳು. ಪ್ಯಾಂಟು ಉದ್ದವಾಯಿತು, ಕೋಟು ಬಿಗಿಯಾಯಿತು, ಜಿಪ್ಪು ಕೈಕೊಟ್ಟಿತು ಎಂದವರೆಲ್ಲ ಅಲ್ಲಿಗೇ ಬರುತ್ತಿದ್ದರು. ಸೊಂಟದ ಅಳತೆ ಕೇಳಿದರೆ ನಿಜ ಹೇಳುವ ಗಂಡಸು ಇನ್ನು ಮೇಲೆ ಹುಟ್ಟಬೇಕು ಎನ್ನುವುದು ಅವಳ ಮೂವತ್ತು ವರ್ಷದ ಅನುಭವ. ಹಾಗಾಗಿ ಕೇಳುತ್ತಲೇ ಇರಲಿಲ್ಲ, ಸುಮ್ಮನೆ ಟೇಪು ಸುತ್ತಿಬಿಡುತ್ತಿದ್ದಳು.

ಅತ್ತೆಗಿರಿ ಶುರುವಾದದ್ದು ಪಕ್ಕದ ಮನೆಯ ಬ್ಯಾಂಕ್ ಗುಮಾಸ್ತನಿಂದ. "ಏನೂ ಮಾಡ್ಬೇಡಿ ಅಮ್ಮಾ, ಸುಮ್ನೆ ನಮ್ ಜೊತೆ ಬಂದು ಕೂತಿರಿ. ನನ್ನ ಹೆಂಡ್ತಿ ಕಾರು ಕಂಡ ಕೂಡಲೇ ಹಲ್ಲು ಬಿಡ್ತಾಳೆ. ನನಗೆ ಬೇಡ ಅನ್ನೋಕ್ಕೇ ಬರಲ್ಲ. ನೀವು ನಮ್ಮತ್ತೆ ಅಂತ ಹೇಳ್ತೀನಿ, ನೀವು ಬೇಡ ಅನ್ನಿ," ಅಂದಿದ್ದ.

ಅವಳು ಹೋದಳು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು, ಬೇಡ ಅಂದಳು. ಎಷ್ಟು ಚೆನ್ನಾಗಿ ಅಂದಳೆಂದರೆ ಗುಮಾಸ್ತನಿಗೆ ಅವನು ಕನಸಿನಲ್ಲೂ ಎಣಿಸದಷ್ಟು ಕಡಿಮೆಗೆ ಕಾರು ಸಿಕ್ಕಿತು. ಆಮೇಲೆ ಬೇಕರಿಯವನು ಕರೆದ, ಮೇಷ್ಟ್ರು ದಂಪತಿ ಕರೆದರು, ಹಲ್ಲಿನ ಡಾಕ್ಟರು ಕರೆದರು. ಎರಡು ವರ್ಷದಲ್ಲಿ ಏಳು ಮನೆತನಕ್ಕೆ ಅವಳು ಅತ್ತೆಯಾದಳು. ಮೊದಲ ಬೇಡ ಕಾರು ನೋಡಿದಾಗ, ಎರಡನೆಯದು ಬೆಲೆ ಕೇಳಿದಾಗ. ಮೂರನೆಯ ಬೇಡಕ್ಕೆ ಮಾತಿಲ್ಲ. ಚೀಲ ಎತ್ತಿಕೊಂಡು ಎದ್ದು ನಿಲ್ಲುವುದು, ಅಷ್ಟೇ. ಎಲ್ಲಿ ಏಳಬೇಕು ಅನ್ನುವುದರಲ್ಲೇ ವಿದ್ಯೆ ಇರುವುದು ಎಂದು ಅವಳು ಬೀದಿಯ ಹೆಂಗಸರಿಗೆ ಪಾಠ ಹೇಳುತ್ತಿದ್ದಳು.

ಆದರೆ ಆ ಪಾಠದಲ್ಲಿ ಅವಳು ಬಿಟ್ಟುಬಿಡುತ್ತಿದ್ದ ಸಂಗತಿಯೊಂದಿತ್ತು. ಶೋರೂಮಿನ ಎಡ ಮೂಲೆಯಲ್ಲಿ, ನೀರಿನ ಮೆಷಿನ್ನಿನ ಪಕ್ಕ, ಒಂದು ಪುಟ್ಟ ತಿಳಿನೀಲಿ ಕಾರು ನಿಂತಿರುತ್ತಿತ್ತು. ಮೊದಲ ದಿನ ಗುಮಾಸ್ತನ ಹೆಂಡತಿ ದೊಡ್ಡ ಕಾರಿನ ಮುಂದೆ ಹಲ್ಲು ಬಿಡುತ್ತಿದ್ದಾಗ ಅತ್ತೆಯ ಕಣ್ಣು ಹೋದದ್ದು ಆ ಪುಟ್ಟದರ ಮೇಲೆ. ಹೋದದ್ದು ಮತ್ತೆ ಬರಲಿಲ್ಲ.

ಅವಳಿಗೆ ಆಗಷ್ಟೇ ಊರಾಚೆಯ ಆಸ್ಪತ್ರೆಯ ಸಮವಸ್ತ್ರಗಳನ್ನು ಸರಿಮಾಡಿಕೊಡುವ ಕೆಲಸ ಸಿಕ್ಕಿತ್ತು. ವಾರಕ್ಕೆರಡು ಸಲ ನಾಲ್ಕು ಗಂಟು ಬಟ್ಟೆ ಹೊತ್ತು ಬಸ್ಸು ಹತ್ತಬೇಕು. ಬಸ್ಸಿನವನಿಗೆ ಅವಳನ್ನು ಕಂಡರಾಗದು, ಗಂಟು ಕಂಡರಂತೂ ಆಗಲೇ ಆಗದು. "ಇದನ್ನೆಲ್ಲ ಇಳಿಸಿ ಅಮ್ಮಾ, ಇಲ್ಲಾಂದ್ರೆ ಇವಕ್ಕೂ ಒಂದೊಂದು ಸೀಟ್ ಹಿಡೀರಿ," ಅನ್ನುತ್ತಿದ್ದ. ಬೀದಿಯಲ್ಲಿ ಅವಳು ಕೊಡಿಸಿದ ಏಳು ಕಾರುಗಳಿದ್ದವು. ಒಬ್ಬರನ್ನೂ ಬಾಯಿಬಿಟ್ಟು ಕೇಳಿರಲಿಲ್ಲ. ಕೇಳಿದರೆ ಕರೆದುಕೊಂಡು ಹೋಗುತ್ತಿದ್ದರು; ಆದರೆ ಹೋಗುವವರೆಗೂ ಅವರ ಗಡಿಯಾರವನ್ನು ಅವಳು ನೋಡುತ್ತಿರಬೇಕು. ಅದಾಗದು. ತನ್ನ ಗಂಟು, ತನ್ನ ಕಾರು, ತನ್ನ ಹೊತ್ತು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ.

ಹೀಗಾಗಿ ಯಾರ ಜೊತೆ ಹೋದರೂ "ಮೊದಲು ಆ ಚಿಕ್ಕದನ್ನ ತೋರಿಸಿ" ಅನ್ನುತ್ತಿದ್ದಳು. ತೋರಿಸಿದ ಮೇಲೆ ಇಷ್ಟವಾಯಿತು ಅನ್ನುವ ಹಾಗಿಲ್ಲವಲ್ಲ, ಬೇಡ ಅನ್ನುವುದೇ ಅವಳ ಉದ್ಯೋಗ. ಬಾಗಿಲು ತೆಗೆದು ಹಾಕಿ, ಸೀಟಿನಲ್ಲಿ ಕೂತೆದ್ದು, ಚೀಲದಿಂದ ಟೇಪು ತೆಗೆದು ಡಿಕ್ಕಿಯ ಉದ್ದಗಲ ಅಳೆದು, ಆಮೇಲೆ ಮೂಗು ಮುರಿದು ಅದಕ್ಕೆ ಹತ್ತು ಹುಳುಕು ಹುಡುಕುತ್ತಿದ್ದಳು. ಅಳೆದದ್ದು ಮಾತ್ರ ಮನೆಗೆ ಬಂದು ಇಸ್ತ್ರಿ ಮೇಜಿನ ಅಳತೆಯ ಜೊತೆ ತಾಳೆ ನೋಡುವುದಕ್ಕೆ.

ಈ ನಡುವೆ, ಯಾರ ಕಣ್ಣಿಗೂ ಬೀಳದ ಹಾಗೆ ಊರಿನ ಇನ್ನೊಂದು ತುದಿಯ ಡ್ರೈವಿಂಗ್ ಶಾಲೆಗೆ ಸೇರಿದಳು. ಕಲಿಸುವವಳು ಅವಳ ಅರ್ಧ ವಯಸ್ಸಿನ ಹುಡುಗಿ. "ರಸ್ತೆ ನೋಡಿ ಅಮ್ಮಾ, ರಸ್ತೆ! ಪಕ್ಕದ ಸ್ಕೂಟರಿನೋರ ಶರ್ಟಿನ ಹೊಲಿಗೆ ನೋಡ್ಬೇಡಿ!" ಎಂದು ಕೂಗಿ ಕೂಗಿ ಆ ಹುಡುಗಿಯ ಗಂಟಲು ಕಟ್ಟಿತು. ಐವತ್ತೆಂಟನೆಯ ವಯಸ್ಸಿನಲ್ಲಿ, ಮೂರನೆಯ ಪ್ರಯತ್ನಕ್ಕೆ, ಅತ್ತೆಗೆ ಲೈಸೆನ್ಸು ಬಂತು.

ಬಂದ ಇಪ್ಪತ್ತೆರಡನೆಯ ದಿನ, ಒಂದು ಮಂಗಳವಾರ ಬೆಳಿಗ್ಗೆ, ಅವಳು ಒಬ್ಬಳೇ ಶೋರೂಮಿನ ಗಾಜಿನ ಬಾಗಿಲು ತಳ್ಳಿದಳು.

ಬಾಗಿಲ ಪಕ್ಕದ ಮೇಜಿನಲ್ಲೇ ಸೇಲ್ಸ್‌ನವನು ಕೂತಿದ್ದ. ಏಳು ಸಲವೂ ಅವಳಿಗೆ ಎದುರಾದವನು ಅವನೇ. ಮೂವತ್ತೈದರ ಆಸುಪಾಸಿನ ತೆಳ್ಳಗಿನ ಮನುಷ್ಯ. ಅಂಗಿಯ ಕಾಲರು ಸವೆದದ್ದನ್ನು ಬಿಚ್ಚಿ, ತಿರುವಿ, ಒಳಮೈ ಹೊರಗೆ ಮಾಡಿ ಹೊಲಿದದ್ದು ಅವಳಿಗೆ ಮಾತ್ರ ಕಾಣುವಷ್ಟು ನಾಜೂಕಾಗಿತ್ತು. ಅವಳನ್ನು ಕಂಡದ್ದೇ ಎದ್ದು ನಿಂತ.

"ಬನ್ನಿ ಅಮ್ಮಾ, ಬನ್ನಿ. ಇವತ್ತು ಯಾರ ಅತ್ತೆ?"

"ಅಂದ್ರೆ?"

"ಅಲ್ಲಾ, ಅಳಿಯಂದಿರು ಯಾರೂ ಕಾಣ್ತಿಲ್ಲ. ಗಾಡಿ ನಿಲ್ಸೋಕೆ ಹೋದ್ರಾ?"

"ಯಾರೂ ಇಲ್ಲ. ನಾನೊಬ್ಳೇ."

ಅವನು ಬಾಗಿಲಾಚೆ ಇಣುಕಿ ನೋಡಿದ. ನಿಜಕ್ಕೂ ಯಾರೂ ಇರಲಿಲ್ಲ. "ಹಾಗಾದ್ರೆ ಬೇಡ ಅನ್ನೋರು ನೀವು, ಬೇಕು ಅನ್ನೋರು?"

"ಅದೂ ನಾನೇ," ಅಂದಳು ಅತ್ತೆ. ಅಂದ ಮೇಲೆ ಕಿವಿ ಬಿಸಿಯಾಯಿತು. ಏಳು ಮನೆತನದ ಪರವಾಗಿ ಸಲೀಸಾಗಿ ಹೊರಳಿದ ನಾಲಿಗೆ ತನ್ನ ಪರವಾಗಿ ಮಾತಾಡಬೇಕಾದಾಗ ತಡವರಿಸುತ್ತಿತ್ತು. ಚೀಲವನ್ನು ತೊಡೆಯ ಮೇಲಿಟ್ಟುಕೊಳ್ಳೋಣ ಎಂದರೆ ಇನ್ನೂ ಕೂತೇ ಇಲ್ಲ. ಅವಳು ಎಡ ಮೂಲೆಯತ್ತ ನೋಡಿದಳು.

ನೀರಿನ ಮೆಷಿನ್ನು ಇತ್ತು. ಅದರ ಪಕ್ಕ ಕುಂಡದಲ್ಲಿ ಒಂದು ಪ್ಲಾಸ್ಟಿಕ್ ಗಿಡ ಇತ್ತು. ಕಾರು ಇರಲಿಲ್ಲ.

"ಇಲ್ಲೊಂದು ಚಿಕ್ಕದಿತ್ತಲ್ಲ? ನೀಲಿದು?"

ಸೇಲ್ಸ್‌ನವನ ಮುಖ ಅರಳಿತು. ಒಳ್ಳೆಯ ಸುದ್ದಿ ಹೇಳುವವನ ಹಾಗೆ ಎದೆ ಉಬ್ಬಿಸಿದ. "ತೆಗೆಸಿಬಿಟ್ವಿ ಅಮ್ಮಾ! ಎಲ್ಲಾ ನಿಮ್ಮ ದಯೆ."

"ನನ್ನ... ಏನು?"

"ಕೂತ್ಕೊಳ್ಳಿ, ಹೇಳ್ತೀನಿ." ಅವನು ಮೇಜಿನ ಖಾನೆ ಎಳೆದು ದಪ್ಪ ರಟ್ಟಿನ ಪುಸ್ತಕವೊಂದನ್ನು ತೆಗೆದಿಟ್ಟ. ಬಂದವರು ಯಾವ ಕಾರನ್ನು ಬೇಡ ಅಂದರು, ಯಾಕೆ ಬೇಡ ಅಂದರು ಎಂದು ಬರೆದಿಡಬೇಕೆಂಬುದು ಅಲ್ಲಿಯ ನಿಯಮ. "ಎಲ್ರೂ ಏನಂತಾರೆ ಗೊತ್ತಾ? 'ನೋಡೋಣ', 'ಮನೇಲಿ ಕೇಳ್ಬೇಕು', 'ಯಾಕೋ ಮನಸ್ಸಿಗೆ ಹಿಡೀಲಿಲ್ಲ'. ಇದನ್ನೇನಂತ ಬರ್ಯೋದು? ನೀವೊಬ್ರೇ ಅಮ್ಮಾ, ಟೇಪ್ ಹಿಡ್ದು, ಅಳ್ದು, ಒಂದೊಂದೇ ಕಾರಣ ಕೊಟ್ಟೋರು. ಒಂದಕ್ಷರ ಬಿಡ್ದೆ ಬರ್ಕೊಂಡಿದೀನಿ. ನಮ್ಮ ಹೊಸ ಮ್ಯಾನೇಜರ್ ಮೇಡಂ ಓದಿ, 'ಯಾರ್ರೀ ಇವ್ರು, ಇಷ್ಟು ಖಚಿತವಾಗಿ ಹೇಳೋರು' ಅಂದ್ರು. ಕಂಪನಿಗೂ ಕಳಿಸಿದ್ರು. ಈ ಕಾರು ನಮ್ಮೂರಿಗೆ ಆಗಲ್ಲ ಅಂತ ತೀರ್ಮಾನ ಆಯ್ತು. ಇದ್ದವನ್ನೆಲ್ಲ ಬೇರೆ ಊರಿಗೆ ಸಾಗಿಸಿದ್ವಿ."

ಅತ್ತೆ ಕುರ್ಚಿಯ ತುದಿಗೆ ಸರಿದಳು. "ಎಲ್ಲಾನೂ?"

"ಟೆಸ್ಟ್ ಡ್ರೈವಿಗೆ ಇಟ್ಟಿದ್ದು ಒಂದಿದೆ, ಹಿತ್ತಲಲ್ಲಿ. ಅದೂ ಇವತ್ತು ಮಧ್ಯಾಹ್ನ ಲಾರಿ ಹತ್ತತ್ತೆ. ಅದೇ ಕೊನೇದು." ಅಂದವನೇ ತನ್ನ ಮಾತಿಗೆ ತಾನೇ ನಕ್ಕ. "ನೋಡಿ, ಇದೇ ಕೊನೇದು ಅಂತ ದಿನಾ ಹತ್ತು ಜನಕ್ಕೆ ಹೇಳ್ತೀನಿ. ಇವತ್ತು ಮೊದಲ್ನೇ ಸಲ ನಿಜ ಆಗಿದೆ, ನೀವು ನಂಬಲ್ಲ."

"ನನಗೆ ಅದು ಬೇಕು," ಅಂದಳು ಅತ್ತೆ.

"ಯಾವ್ದು?"

"ಆ ಕಾರು. ನನಗೆ. ನಾನು ಓಡ್ಸೋಕೆ."

ಅವನು ಅವಳನ್ನು ನೋಡಿದ, ಪುಸ್ತಕವನ್ನು ನೋಡಿದ, ಮತ್ತೆ ಅವಳನ್ನು ನೋಡಿದ. "ಅಮ್ಮಾ, ನೀವು ಅತ್ತೆ ಅನ್ನೋದು ಸುಳ್ಳು ಅಂತ ನನಗೆ ನಾಲ್ಕನೇ ಸಲಾನೇ ಗೊತ್ತಾಯ್ತು. ಹಲ್ಲಿನ ಡಾಕ್ಟ್ರು ನಿಮ್ಮನ್ನ 'ಅತ್ತೆ, ನಿಮ್ಮ ಹೆಸರೇನಂದ್ರಿ' ಅಂತ ಕೇಳಿದ್ರಲ್ಲ, ಆಗ. ಅದಿರ್ಲಿ, ಗಿರಾಕಿ ಅಂದ್ಮೇಲೆ ಅಷ್ಟು ಇದ್ದಿದ್ದೇ. ಆದ್ರೆ ಕಾರಿನ ವಿಷಯಾನೂ ಸುಳ್ಳಾ? ಟೇಪ್ ಹಿಡ್ದು ಹೇಳಿದ್ದು?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಂಬಿದ ಮನುಷ್ಯ ಸೋತ ದನಿ ಅದು. ಬೈದಿದ್ದರೇ ಮೇಲಿತ್ತು ಎನ್ನಿಸಿತು ಅತ್ತೆಗೆ.

"ಆ ಲಾರಿ ನಿಲ್ಸಕ್ಕಾಗತ್ತಾ?"

"ನನ್ನ ಕೈಲಿಲ್ಲ. ಮೇಡಂ ಒಪ್ಬೇಕು. ಅವ್ರು ಒಪ್ಬೇಕಂದ್ರೆ ಈ ಪುಸ್ತಕದಲ್ಲಿ ಏನು ನಿಜ, ಏನು ಸುಳ್ಳು ಅಂತ ನೀವೇ ಹೇಳ್ಬೇಕು."

"ಓದಿ," ಅಂದಳು ಅತ್ತೆ, ನೆಟ್ಟಗೆ ಕೂತು.

ಅವನು ಓದಿದ. "'ಬಾಗಿಲು ಹಾಕಿದರೆ ತಗಡಿನ ಡಬ್ಬದ ಸದ್ದು.'"

"ಸುಳ್ಳು. ಗಟ್ಟಿ ಬೀರೂನ ಬಾಗಿಲು ಹಾಕ್ದಂಗಿದೆ."

"'ಡಿಕ್ಕಿಯಲ್ಲಿ ಎರಡು ಕುಂಬಳಕಾಯಿ ಇಟ್ಟರೆ ಮೂರನೆಯದನ್ನು ತೊಡೆಯ ಮೇಲೆ ಇಟ್ಟುಕೊಳ್ಳಬೇಕು.'"

"ಸುಳ್ಳು. ಹಿಂದಿನ ಸೀಟು ಮಡಚಿದ್ರೆ ನನ್ನ ಇಸ್ತ್ರಿ ಮೇಜು ಕಾಲು ಮಡ್ಚಿ ಮಲಗತ್ತೆ, ಪಕ್ಕದಲ್ಲಿ ನಾಲ್ಕು ಗಂಟು ಬಟ್ಟೆ. ನಾಲ್ಕು ಬೆರಳು ಜಾಗ ಉಳಿಯತ್ತೆ."

"ಕುಂಬಳಕಾಯಿ ಅಂತ ಕಂಪನಿಗೆ ಹೋಗಿದೆ ಅಮ್ಮಾ. ಅವ್ರು ಎಷ್ಟು ಕೇಜಿ ಕಾಯಿ ಅಂತ ತಿರುಗಿ ಕೇಳಿದ್ರು. ನಾನು ಮಾರ್ಕೆಟ್ಟಿಗೆ ಹೋಗಿ ತೂಗಿಸ್ಕೊಂಡು ಬಂದಿದೀನಿ."

ಅತ್ತೆ ನಗು ತಡೆಯಲು ಸೆರಗು ಬಾಯಿಗೊತ್ತಿಕೊಂಡಳು. ಅವನು ನಗಲಿಲ್ಲ, ಆದರೆ ಓದುವ ದನಿ ಸ್ವಲ್ಪ ಸಡಿಲವಾಯಿತು.

"'ಬಣ್ಣ ಆಸ್ಪತ್ರೆಯ ಗೋಡೆಯದು.'"

"ಅದು ನಿಜ. ಆದ್ರೂ ನನಗಿಷ್ಟ."

"'ಎಡಗಡೆಯ ಕನ್ನಡಿ ಬೊಟ್ಟು ಇಟ್ಟುಕೊಳ್ಳಲು ಮಾತ್ರ ಸಾಕು.'"

"ಅದೂ ನಿಜ. ಅದನ್ನ ಕಂಪನಿಯೋರು ಸರಿ ಮಾಡ್ಲಿ."

"'ಈ ಕಾರಿನಲ್ಲಿ ಕೂತವರನ್ನು ಬೀದಿಯಲ್ಲಿ ಯಾರೂ ಮರ್ಯಾದೆಯಿಂದ ನೋಡುವುದಿಲ್ಲ.'"

ಅತ್ತೆ ಕತ್ತು ಚಾಚಿ ಪುಟವನ್ನು ನೋಡಿದಳು. "ನಾನು ಹಾಗಂದ್ನಾ?"

"ಮೇಷ್ಟ್ರ ಜೊತೆ ಬಂದಾಗ."

"ಸುಳ್ಳು," ಅಂದಳು ಮೆಲ್ಲಗೆ. "ಬರೀ ಸುಳ್ಳು."

"ಇರ್ಲಿ ಬಿಡಿ. ಈಗ ನನ್ನ ಸರದಿ, ಲೆಕ್ಕ ಸಮ ಆಗ್ಬೇಕಲ್ಲ," ಎಂದು ಅವನು ಪುಸ್ತಕದಲ್ಲಿ ಬೆರಳಿಟ್ಟು ಮುಚ್ಚಿದ. "ಪ್ರತಿ ಸಲ 'ಒಂದ್ನಿಮಿಷ, ಒಳಗೆ ಮ್ಯಾನೇಜರ್ ಹತ್ರ ಕೇಳ್ಕೊಂಡು ಬರ್ತೀನಿ' ಅಂತ ಎದ್ದು ಹೋಗ್ತಿದ್ನಲ್ಲ? ಏಳರಲ್ಲಿ ಐದು ಸಲ ಒಳಗೆ ಯಾರೂ ಇರಲಿಲ್ಲ. ಒಂದು ಲೋಟ ನೀರು ಕುಡ್ದು, ಗಡಿಯಾರ ನೋಡ್ಕೊಂಡು ನಾಲ್ಕು ನಿಮಿಷ ನಿಂತು ಬರ್ತಿದ್ದೆ."

"ನಾಲ್ಕೇ ಯಾಕೆ?"

"ಮೂರಕ್ಕೆ ಬಂದ್ರೆ ಇಷ್ಟು ಬೇಗ ಒಪ್ಕೊಂಡ್ರಾ, ಇನ್ನೂ ಕೇಳೋಣ ಅನ್ಸತ್ತೆ. ಐದಾದ್ರೆ ಯಾರೋ ಒಬ್ರು ಅತ್ತೆ ಎದ್ದು ನಿಂತ್ಬಿಡ್ತಾರೆ."

ಈ ಸಲ ಇಬ್ಬರೂ ನಕ್ಕರು. ಗಾಜಿನಾಚೆ ಕಾರು ಒರೆಸುತ್ತಿದ್ದವರು ಬಗ್ಗಿ ಒಳಗೆ ನೋಡಿದರು. ಅವನು ಮತ್ತೆ ಓದತೊಡಗಿದ. ಸ್ಟಿಯರಿಂಗು ಸಡಿಲ ಅನ್ನುವುದು ಸುಳ್ಳು, ಸೀಟು ಗಟ್ಟಿ ಅನ್ನುವುದು ನಿಜ, ಹಾರ್ನು ಆಡಿನ ಮರಿಯ ದನಿ ಅನ್ನುವುದು ಅರ್ಧ ನಿಜ. ಅತ್ತೆಯ ಕಣ್ಣು ಹೊಲಿಗೆಯಲ್ಲಿ ಪಳಗಿದ್ದು. ಒಂದು ಹೊಲಿಗೆ ತಪ್ಪಿದರೂ ಹಿಡಿಯುವಂಥದ್ದು.

"ತಾಳಿ. ಒಂದು ಪುಟ ಹಾರ್ಸಿದ್ರಿ."

"ಅದು ಕಾರಿನ ಬಗ್ಗೆ ಅಲ್ಲ."

"ಕೊಡಿ ಇಲ್ಲಿ."

ಅವನು ಕೊಡಲಿಲ್ಲ. ಅವಳೇ ಮೇಜಿನ ಮೇಲೆ ಬಗ್ಗಿ ತಿರುಗಿಸಿಕೊಂಡಳು. ಅಕ್ಷರ ಬೇರೆಯದು, ಹಳೆಯ ಮ್ಯಾನೇಜರನದು. ಬೇಕರಿಯವನ ಜೊತೆ ಬಂದ ದಿನ. "ಗಿರಾಕಿಯ ಅತ್ತೆಯವರ ದೂರು: ಸೇಲ್ಸ್‌ನವನು ಹಿರಿಯರೆಂದೂ ನೋಡದೆ ಅವಮಾನ ಮಾಡಿದ. ಕೊಳ್ಳುವ ಯೋಗ್ಯತೆ ಇಲ್ಲದವರು ಯಾಕೆ ಬಂದಿರಿ ಎಂದ. ಕ್ಷಮೆ ಕೇಳಿ ಸೀಟ್ ಕವರ್ ಉಚಿತವಾಗಿ ಕೊಡಲಾಗಿದೆ."

ಅತ್ತೆಗೆ ನೆನಪಾಯಿತು. ಆವತ್ತು ಬೇಕರಿಯವನ ಕಾರಿನ ಬೆಲೆ ಒಂದು ಕಡೆ ಸಿಕ್ಕಿಹಾಕಿಕೊಂಡು ಅಲ್ಲಾಡಲೇ ಇಲ್ಲ. ಎದ್ದು ನಿಂತರೂ ಯಾರೂ ಕರೆಯಲಿಲ್ಲ. ಬಾಗಿಲವರೆಗೆ ಹೋಗಿ, ಬರಿಗೈಯಲ್ಲಿ ಹೋಗುವುದು ಹೇಗೆ ಎಂದು ತಿರುಗಿ, ಮ್ಯಾನೇಜರನ ಕೋಣೆಗೆ ನುಗ್ಗಿ ಕಣ್ಣೊರೆಸಿಕೊಂಡಿದ್ದಳು. ಬೇಕರಿಯವನು ಆ ಸಂಜೆ ದೊಡ್ಡ ಕೇಕು ತಂದುಕೊಟ್ಟಿದ್ದ. ಬೀದಿಯ ಹೆಂಗಸರಿಗೆಲ್ಲ ಹಂಚಿ, ಕಣ್ಣೊರೆಸಿಕೊಂಡ ಬಗೆಯನ್ನು ಮಾಡಿ ತೋರಿಸಿ ನಗಿಸಿದ್ದಳು.

"ಈ ಮಾತು ನೀವು ಆಡಿರ್ಲಿಲ್ಲ," ಅಂದಳು.

"ಇಲ್ಲ."

"ಆವತ್ತೇ ಯಾಕೆ ಹೇಳ್ಲಿಲ್ಲ?"

"ಹೇಳ್ದೆ. ಯಾರು ನಂಬ್ತಾರೆ ಅಮ್ಮಾ? ಒಂದ್ಕಡೆ ನಿಮ್ಮಂಥ ಹಿರಿ ಹೆಂಗಸು, ಚೀಲ ಎದೆಗೊತ್ಕೊಂಡು ಕಣ್ಣೊರ್ಸ್ಕೊತಿದಾರೆ. ಇನ್ನೊಂದ್ಕಡೆ ಕಾರು ಮಾರೋನು." ಅವನು ಮೇಜಿನ ಮೇಲಿನ ಪೆನ್ನು ನೇರ ಮಾಡಿದ. "ಆ ವರ್ಷ ನನ್ನನ್ನ ಸೀನಿಯರ್ ಮಾಡ್ತೀವಿ ಅಂದಿದ್ರು. ಮಾಡ್ಲಿಲ್ಲ. ಮೇಜು ಒಳಗಡೆ ಇತ್ತು, ಬಾಗಿಲ ಹತ್ರ ತಂದಿಟ್ರು. ಇಲ್ಲಿ ಬರೀ ಬಿಸಿಲು ತಪ್ಪಿಸ್ಕೊಳ್ಳೋಕೆ ಒಳಗೆ ಬರೋರೇ ಜಾಸ್ತಿ."

ಅತ್ತೆ ಆ ಪುಟವನ್ನು ಇನ್ನೊಮ್ಮೆ ಓದಿದಳು. ಮರ್ಯಾದೆ ಎಂಬ ಮಾತನ್ನು ಆ ಶೋರೂಮಿನಲ್ಲಿ ಎಷ್ಟು ಸಲ ತಾನು ಎತ್ತಿಲ್ಲ! ಹೆಂಗಸೆಂದು, ಹಿರಿಯಳೆಂದು, ಗಿರಾಕಿಯೆಂದು ಅದನ್ನು ಅಂಗಡಿಯವರಿಂದ ಎಳೆದೆಳೆದು ತೆಗೆದುಕೊಂಡಿದ್ದಳು. ಎದುರಿಗೆ ಕೂತವನಿಗೂ ಅದರಲ್ಲಿ ಪಾಲಿದೆಯೇನೋ ಎಂದು ಒಂದು ಸಲವಾದರೂ ಯೋಚಿಸಿದ್ದಳೇ?

"ನಡೀರಿ ಒಳಗೆ," ಎಂದು ಪುಸ್ತಕ ಕಂಕುಳಲ್ಲಿಟ್ಟು ಎದ್ದಳು.

ಅವನು ಗಾಬರಿಯಾದ. "ಕಾರಿನ ಮಾತಷ್ಟೇ ಹೇಳಿ ಅಮ್ಮಾ, ಸಾಕು. ಇದನ್ನ ಎತ್ಬೇಡಿ. ಸುಳ್ಳು ಹೇಳಿ ಸೀಟ್ ಕವರ್ ಹೊಡ್ಕೊಂಡು ಹೋದೋರು ಅಂತ ಗೊತ್ತಾದ್ರೆ ಮೇಡಂ ನಿಮಗೆ ಕಾರು ಮಾರ್ತಾರಾ? ಬಲು ಖಡಕ್ಕು. ಕಾರು ಕೈ ತಪ್ಪತ್ತೆ."

"ತಪ್ಪಿದ್ರೆ ಬಸ್ಸಿದೆ," ಅಂದಳು ಅತ್ತೆ. ಹೇಳುವಾಗ ಆ ಬಸ್ಸಿನವನ ಮುಖ ಕಣ್ಣಿಗೆ ಕಟ್ಟಿದ್ದು ಮಾತ್ರ ನಿಜ.

ಮ್ಯಾನೇಜರ್ ಮೇಡಂ ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಫೋನಿನಲ್ಲಿ ಲಾರಿಯವನಿಗೆ ದಾರಿ ಹೇಳುತ್ತಿದ್ದರು. ಫೋನು ಇಟ್ಟು, "ಏನು?" ಅಂದರು. ಸೇಲ್ಸ್‌ನವನು, "ಮೇಡಂ, ಇವರೇ ಆ ಟೇಪಿನ ಅಮ್ಮ," ಅಂದ.

ಮೇಡಂ ಎದ್ದೇ ನಿಂತರು. "ಅಯ್ಯೋ, ನೀವಾ! ಕೂತ್ಕೊಳ್ಳಿ ಕೂತ್ಕೊಳ್ಳಿ. ನಿಮ್ಮ ಮಾತನ್ನ ನಾನು ಮೇಲಿನೋರಿಗೆಲ್ಲ ಓದಿ ಹೇಳಿದೀನಿ."

ಅತ್ತೆ ಕೂರಲಿಲ್ಲ. ಕೂತರೆ ಚೀಲ ತೊಡೆಯ ಮೇಲೆ ಬರುತ್ತದೆ, ಚೀಲ ಬಂದರೆ ಹಳೆಯ ನಾಲಿಗೆ ಬರುತ್ತದೆ ಎಂದು ಹೆದರಿಕೆ. ನಿಂತುಕೊಂಡೇ ಎಲ್ಲ ಹೇಳಿದಳು: ಗುಮಾಸ್ತ, ಬೇಕರಿ, ಮೇಷ್ಟ್ರು, ಡಾಕ್ಟರು, ಕುಂಬಳಕಾಯಿ, ಆಮೇಲೆ ಸೀಟ್ ಕವರು. ಮೇಡಂ ಅವರ ಕನ್ನಡಕ ಮೂಗಿಗಿಳಿಯಿತು. ಮುಖದ ಮೇಲಿದ್ದ ಗೌರವವೂ ಅದರ ಜೊತೆಯಲ್ಲೇ ಇಳಿಯುತ್ತಾ ಹೋಯಿತು.

"ಅಂದ್ರೆ ನಾನು ಕಂಪನಿಗೆ ಕಳಿಸಿದ ವರದಿ..."

"ಎಡಗಡೆ ಕನ್ನಡಿ ನಿಜ," ಅಂದಳು ಅತ್ತೆ, ಆದಷ್ಟು ಸಮಾಧಾನ ಮಾಡುವ ಹಾಗೆ. "ಬಣ್ಣಾನೂ ನಿಜ."

ಮೇಡಂ ಕಿಟಕಿಯಾಚೆ ನೋಡಿದರು. ಹಿತ್ತಲಲ್ಲಿ ಲಾರಿಗೆಂದು ಸಾಲಾಗಿ ನಿಲ್ಲಿಸಿದ ಮೂರು ಗಾಡಿಗಳ ಕೊನೆಯಲ್ಲಿ ಆ ನೀಲಿ ಪುಟ್ಟದು ಬಿಸಿಲು ಕಾಯಿಸಿಕೊಳ್ಳುತ್ತಿತ್ತು. "ಈ ಕೊನೇದನ್ನ ಹೇಳ್ದೇ ಇದ್ದಿದ್ರೂ ಆಗ್ತಿತ್ತಲ್ಲ," ಅಂದರು. "ಕಾರು ಬೇಕಾಗಿತ್ತು ತಾನೇ?"

"ಬೇಕು. ಈಗಲೂ ಬೇಕು. ಆದ್ರೆ ಇವ್ರ ಮೇಜಿನ ಮುಂದೆ ಹಾದು ಹೋಗಿ ಅದ್ರಲ್ಲಿ ಕೂರೋಕೆ ನನಗೆ ಮುಖ ಇರ್ಬೇಕಲ್ಲ."

ಮೇಡಂ ಹೊಸ ಹಾಳೆಯೊಂದನ್ನು ಅವಳ ಮುಂದೆ ತಳ್ಳಿದರು. "ಬರೀರಿ. ನಿಮ್ಮ ಕೈಯಲ್ಲೇ. ಹಳೇ ಪುಟ ಹರಿಯೋ ಹಾಗಿಲ್ಲ, ನಂಬರ್ ಇದೆ. ಇದನ್ನ ಅದ್ರ ಮೇಲೆ ಅಂಟಿಸ್ತೀನಿ."

ಅತ್ತೆ ಬರೆದಳು. ದರ್ಜಿಯ ಕೈ, ಅಕ್ಷರಗಳು ಕಾಜಾ ಹೊಲಿದ ಹಾಗೆ ಒತ್ತೊತ್ತಾಗಿದ್ದವು. "ಸೇಲ್ಸ್‌ನವರು ನನಗೆ ಯಾವತ್ತೂ ಒಂದು ಕೆಟ್ಟ ಮಾತು ಆಡಿಲ್ಲ. ಆಡಿದರು ಎಂದು ನಾನು ಹೇಳಿದ್ದು ಸುಳ್ಳು. ಸೀಟ್ ಕವರಿಗಾಗಿ ಹೇಳಿದೆ." ಹಾಳೆಯ ಕೆಳಗೆ 'ಗಿರಾಕಿಗೆ ಏನಾಗಬೇಕು' ಎಂಬ ಖಾನೆಯಿತ್ತು. ಸ್ವಲ್ಪ ಯೋಚಿಸಿ, "ಏನೂ ಆಗಬೇಕಿಲ್ಲ. ನಾನು ಬಟ್ಟೆ ಹೊಲಿಯುವವಳು" ಎಂದು ತುಂಬಿದಳು.

ಮೇಡಂ ಅದನ್ನು ಎರಡು ಸಲ ಓದಿ, ಸೇಲ್ಸ್‌ನವನತ್ತ ಒಮ್ಮೆ ನೋಡಿ, "ಮೇಜಿನ ವಿಷಯ ತಿಂಗಳ ಮೀಟಿಂಗಿನಲ್ಲಿ ಮಾತಾಡೋಣ," ಅಂದರು. ಆಮೇಲೆ ಲಾರಿಯವನಿಗೆ ಫೋನು ಹಚ್ಚಿ ಮೂರಲ್ಲ, ಎರಡೇ ಗಾಡಿ ಎಂದರು. ಅತ್ತೆಗೆ ಮಾತ್ರ ಬೆರಳೆತ್ತಿ ಹೇಳಿದರು: "ಬೆಲೆಯಲ್ಲಿ ಒಂಚೂರೂ ಕಡಿಮೆ ಆಗಲ್ಲ. ಬರೆದಿರೋದೇ ಬೆಲೆ."

ಅತ್ತೆಯ ಕಾಲುಗಳು ಅಭ್ಯಾಸಬಲದಿಂದ ಬಾಗಿಲ ಕಡೆ ತಿರುಗಿದವು. ತುಟಿ 'ಬೇ' ಅನ್ನುವಷ್ಟು ತೆರೆದಿತ್ತು. ಅವಳು ಅದನ್ನು ಮುಚ್ಚಿಕೊಂಡು, "ಆಗ್ಲಿ," ಅಂದಳು. ಇಷ್ಟು ಸಣ್ಣ ಮಾತು ಆಡಲು ಇಷ್ಟು ಕಷ್ಟವಾದದ್ದು ಅವಳಿಗೆ ಅದೇ ಮೊದಲು.

"ಮೇಡಂ," ಎಂದು ಸೇಲ್ಸ್‌ನವನು ಕೆಮ್ಮಿದ. "ಆ ಗಾಡಿ ಕ್ಲಚ್ಚು ಸವೆದಿದೆ. ಬಂದೋರೆಲ್ಲ ಅದ್ರ ಮೇಲೆ ನಿಂತ್ಕೊಂಡೇ ಓಡ್ಸಿದಾರೆ. ಹೊಸದು ಹಾಕ್ದೆ ಕೊಟ್ರೆ ಇವ್ರು ಆರು ತಿಂಗಳಿಗೆ ತಳ್ಕೊಂಡು ಬರ್ತಾರೆ."

"ನೀವು ಯಾರ ಕಡೆಯೋರು ರೀ?"

"ಕಂಪನಿ ಕಡೆಯೋನೇ ಮೇಡಂ. ಎಲ್ರೂ ನಿಜ ಹೇಳ್ತಿದ್ರು, ನಾನೊಬ್ನೇ ಸುಮ್ನಿದ್ರೆ ಚೆನ್ನಾಗಿರಲ್ಲ ಅಂತ."

ಮೇಡಂ ತಲೆ ಚಚ್ಚಿಕೊಂಡರು. ಕ್ಲಚ್ಚಿಗೆ ಚೀಟಿ ಬರೆದರು. "ಮೊದಲು ಒಂದು ಸುತ್ತು ಓಡ್ಸಿ ನೋಡ್ಕೊಂಡು ಬನ್ನಿ. ಆಮೇಲೆ ಇದು ಸರಿಯಿಲ್ಲ, ಅದು ಸರಿಯಿಲ್ಲ ಅಂತ ಪುಸ್ತಕ ಕೇಳ್ಬೇಡಿ."

ಹಿತ್ತಲ ಗೇಟಿನಲ್ಲಿ ಕಾರು ಎರಡು ಸಲ ಆರಿಹೋಯಿತು. ಮೂರನೆಯ ಸಲಕ್ಕೆ ಕುಪ್ಪಳಿಸಿ ಹೊರಟಿತು. ಪಕ್ಕದಲ್ಲಿ ಕೂತಿದ್ದ ಸೇಲ್ಸ್‌ನವನು ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

"ಎಷ್ಟು ವರ್ಷದಿಂದ ಓಡಿಸ್ತಿದೀರಿ ಅಮ್ಮಾ?"

ಹತ್ತು ವರ್ಷ ಅನ್ನೋಣ ಎಂದು ಅತ್ತೆಗೆ ಆಸೆಯಾಯಿತು. "ಇಪ್ಪತ್ತೆರಡು ದಿನ," ಅಂದಳು.

ಅವನು ಬೆಲ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

ರಸ್ತೆ ಅಗಲವಾಗಿತ್ತು. ಅಂಗಡಿಗಳು ಒಂದೊಂದೇ ಹಿಂದಕ್ಕೆ ಹೋದವು: ಬೀಗದ ಅಂಗಡಿ, ಔಷಧಿ ಅಂಗಡಿ, ಒಂದು ಶಾಲೆಯ ಉದ್ದ ಗೋಡೆ. ಅತ್ತೆಯ ಭುಜ ಮೆಲ್ಲಗೆ ಕೆಳಗಿಳಿಯಿತು. ಗಂಟುಗಳನ್ನು ಹಿಂದೆ ಮಲಗಿಸಿಕೊಂಡು, ಯಾರನ್ನೂ ಕೇಳದೆ, ಇದೇ ರಸ್ತೆ ಹಿಡಿದು ಆಸ್ಪತ್ರೆಯವರೆಗೂ ಹೋಗಬಹುದು. ದಾರಿಯಲ್ಲಿ ಬೇಕೆನಿಸಿದರೆ ನಿಲ್ಲಿಸಬಹುದು, ಬೇಡವೆನಿಸಿದರೆ ಇಲ್ಲ. ಹಿಂದಿನಿಂದ ಯಾರೋ ಒಂದೇ ಸಮ ಹಾರ್ನು ಹೊಡೆಯುತ್ತಿದ್ದರು. ಇವತ್ತು ಅದೂ ಕಿವಿಗೆ ಹಿತವಾಗಿತ್ತು.

"ಹೇಗೆ ಓಡ್ಸ್ತಿದೀನಿ? ನಿಜ ಹೇಳಿ."

"ನಿಜಾನಾ? ಬಿಲ್ ಆಗೋವರ್ಗೂ ಕಾಯಕ್ಕಾಗಲ್ವಾ?"

"ಆಗಲ್ಲ."

"ಸರಿ. ಗೇಟ್ ದಾಟಿದಾಗಿಂದ ಬಲಗಡೆ ಇಂಡಿಕೇಟರ್ ಹೊಡ್ಕೋತಾನೇ ಇದೆ. ನೀವು ತಿರುಗ್ತೀರಿ ತಿರುಗ್ತೀರಿ ಅಂತ ಹಿಂದಿನೋನು ಕಾದು ಕಾದು ಸಾಕಾಗಿ ಬಯ್ತಿದಾನೆ."

"ಅಯ್ಯೋ! ಆಗ್ಲೇ ಹೇಳೋದಲ್ವೇನಪ್ಪಾ?"

"ಗಿರಾಕಿ, ಮುಖದ ಮೇಲೆ ಹೇಳಿದ್ರೆ ಬೇಜಾರು ಮಾಡ್ಕೋತೀರೇನೋ ಅಂತ ಸುಮ್ನಿದ್ದೆ."

"ನನ್ನ ಹತ್ರ ಇನ್ಮೇಲೆ ಹಾಗೆಲ್ಲ ಸುಮ್ನಿರ್ಬೇಡಿ. ಏನಿದ್ರೂ ಮುಖದ ಮೇಲೇ ಹೇಳ್ಬಿಡಿ," ಎಂದು ಅತ್ತೆ ಪೂರ್ತಿ ಅವನ ಕಡೆಗೇ ತಿರುಗಿ, ಮನಸ್ಸು ತುಂಬಿ ಹೇಳಿದಳು.

"ಹಾಗಾದ್ರೆ ಬ್ರೇಕು ಅಮ್ಮಾ," ಅಂದ ಅವನು. "ಬ್ರೇಕು, ಬ್ರೇಕು, ಬ್ರೇಕು!"